ಡಬ್ಬಿ ತರುವ ಮೊದಲು ಅಮ್ಮನ ಬಟ್ಟಲು ನೋಡಿ

ಮೊನ್ನೆ ಮಂಗಳೂರು ಪೇಟೆಯ ಮೆಡಿಕಲ್ ಒಂದರಲ್ಲಿ ನಾವು ನಿಂತಿದ್ದೆವು. ಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ಒಬ್ಬರು, "ಅಮ್ಮನಿಗೆ ಕಾಲಲ್ಲಿ ಬಲವೇ ಇಲ್ಲ, ಏನಾದರೂ ಕೊಡಿ" ಎಂದರು. ಡಾಕ್ಟರ ಚೀಟಿ ಯಾರೂ ಕೇಳಲಿಲ್ಲ. ಪ್ರೊಟೀನ್ ಪುಡಿಯ ಡಬ್ಬಿ ಬಂತು, ಬೆಲೆ ಸಾವಿರಕ್ಕೂ ಮೇಲೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ರೂಪಾಯಿ. ಒಂದು ಡಬ್ಬಿಗೆ ಒಂದು ತಿಂಗಳ ಪಿಂಚಣಿ ಮುಗಿಯಿತು.

ವಯಸ್ಸಾದಂತೆ ಮಾಂಸಖಂಡ ಕರಗುವುದು ನಿಜ. ವೈದ್ಯರು ಇದಕ್ಕೆ ಸಾರ್ಕೋಪೀನಿಯಾ ಎನ್ನುತ್ತಾರೆ. 60 ದಾಟಿದ ಮೇಲೆ ಇದು ಜೋರಾಗುತ್ತದೆ. ಬಚ್ಚಲಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಹಾಗಾಗಿ ಮಗನ ಚಿಂತೆ ತಪ್ಪಲ್ಲ, ಡಬ್ಬಿಯಿಂದ ಶುರು ಮಾಡಿದ್ದು ತಪ್ಪು.

ಲೆಕ್ಕ ನೋಡೋಣ. 65 ದಾಟಿದವರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. 50 ಕಿಲೋ ತೂಗುವ ಅಮ್ಮನಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಬಂಗುಡೆಯಲ್ಲಿ ಸುಮಾರು 20. ಒಂದು ಹಿಡಿ ಹುರುಳಿಯಲ್ಲಿ 6, ಒಂದು ಲೋಟ ಹಾಲಿನಲ್ಲಿ 6. ದಿನದ ಅನ್ನದಿಂದ ಹತ್ತು-ಹದಿನಾಲ್ಕು. ಎಲ್ಲ ಕೂಡಿದರೆ ಐವತ್ತರ ಹತ್ತಿರ ಬಂತು. ಮೀನು, ಮೊಟ್ಟೆ ಮುಟ್ಟದ ಮನೆಯಲ್ಲಿ ಹೆಸರು, ಕಡಲೆ, ನೆಲಗಡಲೆ, ಸೋಯಾ, ಮೊಸರು ಹೆಚ್ಚಬೇಕು.

ಆದರೆ ನಮ್ಮ ಅಮ್ಮಂದಿರ ಬಟ್ಟಲಲ್ಲಿ ಇರುವುದೇನು? ರಾತ್ರಿ ಗಂಜಿ, ಉಪ್ಪಿನಕಾಯಿ. ಮೀನಿನ ದೊಡ್ಡ ತುಂಡು ಮಕ್ಕಳಿಗೆ, ಅಮ್ಮನಿಗೆ ಸಾರು ಮಾತ್ರ. ಹಲ್ಲಿಲ್ಲದವರು ಕಾಳನ್ನು ಬದಿಗೆ ಸರಿಸುತ್ತಾರೆ. ಹುರುಳಿಯನ್ನು ಚೆನ್ನಾಗಿ ಬೇಯಿಸಿ ಅರೆದು ಕೊಟ್ಟರೆ ಅದೇ ಕಾಳು ಹೊಟ್ಟೆಗೆ ಹೋಗುತ್ತದೆ.

ತಿಂದರಷ್ಟೇ ಸಾಲದು, ಕಾಲಿಗೆ ಕೆಲಸವೂ ಬೇಕು. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ಪಕ್ಕದಲ್ಲಿ ನೀವು ನಿಂತಿರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬಲ ಕುಗ್ಗಿದೆ ಎಂದು ತಿಳಿಯಿರಿ. ವೈದ್ಯರು ಬೇಡ ಅನ್ನದಿದ್ದರೆ ಅದನ್ನೇ ದಿನವೂ ಸ್ವಲ್ಪ ಸ್ವಲ್ಪ ಮಾಡಿಸಿ. ಈ ವಯಸ್ಸಿನಲ್ಲೂ ಮಾಂಸಖಂಡ ಬಲಗೊಳ್ಳುತ್ತದೆ.

ಪುಡಿ ಯಾರಿಗೂ ಬೇಡ ಎಂದು ನಾವು ಹೇಳುತ್ತಿಲ್ಲ. ಊಟ ಸೇರದವರಿಗೆ, ಕಾಯಿಲೆಯಿಂದ ಸೊರಗಿದವರಿಗೆ ವೈದ್ಯರೇ ಬರೆದುಕೊಡುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ ಹೆಚ್ಚು ಪ್ರೊಟೀನ್ ಅಪಾಯ. ಸಕ್ಕರೆ ಕಾಯಿಲೆ ಇದ್ದರೆ ಡಬ್ಬಿಯ ಹಿಂದೆ ಸಕ್ಕರೆ ಎಷ್ಟಿದೆ ನೋಡಲೇಬೇಕು. ಹೆಲ್ತ್ ಸಪ್ಲಿಮೆಂಟ್ ಎಂದು ಮಾರುವ ಡಬ್ಬಿಯ ಮೇಲೆ "ಔಷಧಿಯಾಗಿ ಬಳಸಲು ಅಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಕಾನೂನೇ ಹಾಗಿದೆ. ಅದನ್ನು ಕನ್ನಡದಲ್ಲೂ ದೊಡ್ಡದಾಗಿ ಬರೆಯಬೇಕು ಎಂಬುದು ನಮ್ಮ ಒತ್ತಾಯ.

ಇದ್ದಕ್ಕಿದ್ದಂತೆ ಬಲ ಕುಗ್ಗಿದರೆ, ತೂಕ ಇಳಿದರೆ ಮೆಡಿಕಲ್‌ಗೆ ಹೋಗಬೇಡಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ವೆನ್ಲಾಕ್ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಇವತ್ತು ರಾತ್ರಿ ಮಾತ್ರ ಒಂದು ಕೆಲಸ ಮಾಡಿ: ಅಮ್ಮ ಊಟಕ್ಕೆ ಕೂತಾಗ ಬಟ್ಟಲಲ್ಲಿ ಏನಿದೆ ಎಂದು ಒಮ್ಮೆ ನೋಡಿ.