ಕಳ್ಳನನ್ನು ಬಿಟ್ಟು ಹಗೇವು ಮುಚ್ಚಬಾರದು



ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ರೇಶನ್ ಅಂಗಡಿಯ ಚಿಮಣಿ ಎಣ್ಣೆಯೇ ದೀಪಕ್ಕೂ ಒಲೆಗೂ ಆಧಾರವಾಗಿದ್ದಿತು. ಬಡವರ ಮನೆಗೆಂದು ಸರಕಾರವು ಅದರ ತೆರಿಗೆಯನ್ನು ಹಗುರ ಮಾಡಿ, ಉಳಿದ ಭಾರವನ್ನು ಬೊಕ್ಕಸದಿಂದ ಹೊರುತ್ತಿದ್ದಿತು. ಬೇರೆ ಕಡೆ ಹೋದರೆ ಗುರುತು ಸಿಗಲೆಂದು ಅದಕ್ಕೆ ನೀಲಿ ಬಣ್ಣವನ್ನೂ ಬೆರೆಸುತ್ತಿದ್ದರು. ಆದರೂ ಎಷ್ಟೋ ಎಣ್ಣೆ ನಮ್ಮ ಚಿಮಣಿಗೆ ಬರುವ ಮೊದಲೇ ಡೀಸೆಲಿನ ಟ್ಯಾಂಕರು ಸೇರುತ್ತಿದ್ದಿತು. 2011ರ ಸುಮಾರಿಗೆ ಡೀಸೆಲಿನ ದರ ರೇಶನ್ ಎಣ್ಣೆಯ ದರದ ಮೂರು ಪಟ್ಟಿನಷ್ಟಿದ್ದಿತು. ಇಷ್ಟು ಲಾಭವಿದ್ದಲ್ಲಿ ಬಣ್ಣವೊಂದೇ ಕಾವಲು ಕಾಯಬಲ್ಲುದೇ? ಬಣ್ಣ ತೆಗೆಯುವ ಉಪಾಯವನ್ನೂ ಕಳ್ಳರು ಕಲಿತಿದ್ದರು. ದೇಶದಲ್ಲಿ ಹಂಚಿದ ರೇಶನ್ ಎಣ್ಣೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಡ್ಡದಾರಿ ಹಿಡಿಯುತ್ತಿದೆ ಎಂದು 2005ರ ಒಂದು ರಾಷ್ಟ್ರೀಯ ಸಮೀಕ್ಷೆ ಹೇಳಿದ್ದಿತು.

ಇದರಿಂದ ಒಕ್ಕಲಿಗನಿಗೆ ಎರಡು ಕಡೆಯ ಪೆಟ್ಟು. ಮನೆಯಲ್ಲಿ ದೀಪಕ್ಕೆ ಎಣ್ಣೆಯಿಲ್ಲ. ಹೊಲದಲ್ಲಿ ಕಲಬೆರಕೆ ಡೀಸೆಲು. ಡೀಸೆಲ್ ಪಂಪಿನ ಒಳಭಾಗಗಳು ಸವೆಯದಂತೆ ಕಾಯುವುದು ಡೀಸೆಲಿನದೇ ಜಿಡ್ಡು. ಚಿಮಣಿ ಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ. ಬೆರಕೆಯಾದರೆ ಟ್ರ್ಯಾಕ್ಟರಿನ ಪಂಪು ಬೇಗ ಸವೆಯುತ್ತದೆ, ಬಾವಿಯ ಇಂಜಿನಿನ ಜೋರು ಇಳಿಯುತ್ತದೆ. ಪೂರ್ತಿ ತೆರಿಗೆ ಕೊಟ್ಟು ಕೊಂಡವನೇ ರಿಪೇರಿಯ ಖರ್ಚನ್ನೂ ತೆರಬೇಕು!

ತಡೆಯಲು ಹೋದವರ ಗತಿ ಏನಾಯಿತೆಂಬುದನ್ನೂ ಬಲ್ಲೆವು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದ ಮಂಜುನಾಥ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದಲ್ಲಿ ಕಲಬೆರಕೆಯ ಪಂಪಿಗೆ ಬೀಗಮುದ್ರೆ ಹಾಕಿದ್ದಕ್ಕೆ 2005ರ ನವೆಂಬರದಲ್ಲಿ ಗುಂಡಿಗೆ ಬಲಿಯಾದರು. ನಮ್ಮದೇ ರಾಜ್ಯದ ಮನಮಾಡದ ಹತ್ತಿರ, 2011ರ ಜನವರಿ 25ರಂದು, ತೈಲದ ಕಳವನ್ನು ಕಂಡು ತಪಾಸಣೆಗೆ ನಿಂತ ಅಪ್ಪರ ಜಿಲ್ಲಾಧಿಕಾರಿ ಯಶವಂತ ಸೋನವಣೆಯವರನ್ನು ಹಾಡಹಗಲೇ ಜೀವಂತ ಸುಟ್ಟರು. ಆಮೇಲೆ ರಾಜ್ಯದ ತುಂಬ ದಾಳಿಗಳಾದವು. ಆದರೆ ಮಳೆ ಸುರಿಯುವಾಗ ಒಡ್ಡು ಹಾಕ ಹೊರಟವನ ಮಣ್ಣು ಹೊಲದಲ್ಲಿ ಉಳಿಯುವುದೇ? ಕಾಯದೆಯ ಕೆಲಸ ದಿನವೂ ನಡೆಯತಕ್ಕದ್ದು.

ಹಾಗೆ ನಡೆಯದೆ ಹೋದುದರ ಫಲವೇನು? 2016ರ ಜುಲೈಯಿಂದ ರೇಶನ್ ಎಣ್ಣೆಯ ಬೆಲೆಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, 2020ರ ಹೊತ್ತಿಗೆ ಕೇಂದ್ರ ಸರಕಾರವು ರಿಯಾಯಿತಿಯನ್ನೇ ಇಲ್ಲವಾಗಿಸಿತು. ವಿದ್ಯುತ್ತು, ಗ್ಯಾಸು ಬಂದುದು ಅದಕ್ಕೊಂದು ಕಾರಣ, ಸೋರಿಕೆಯೂ ಒಂದು ಕಾರಣ. ಕದ್ದವನು ಬೇರೆ ದಂಧೆ ಹಿಡಿದ. ರಿಯಾಯಿತಿ ಕಳಕೊಂಡವನು ಬಡವ. ಕಳ್ಳನನ್ನು ಬಿಟ್ಟು ಹಗೇವು ಮುಚ್ಚಿದ ನ್ಯಾಯವಿದು.

ಇಂದು ಅದೇ ರೋಗ ಗ್ಯಾಸ್ ಸಿಲಿಂಡರಿಗೆ ತಗಲಿದೆ. 14.2 ಕಿಲೋದ ಮನೆಯ ಸಿಲಿಂಡರಿಗೆ ಶೇಕಡಾ 5ರ ಜಿ.ಎಸ್.ಟಿ.; 19 ಕಿಲೋದ ವ್ಯಾಪಾರದ ಸಿಲಿಂಡರಿಗೆ ಶೇಕಡಾ 18. ಈ ಅಂತರವನ್ನು ನುಂಗಲು ಮನೆಯ ಸಿಲಿಂಡರನ್ನು ಹೋಟೆಲಿಗೂ ವಾಹನಕ್ಕೂ ಸಾಗಿಸುವವರಿದ್ದಾರೆ. ಇದು 1955ರ ಅವಶ್ಯಕ ವಸ್ತುಗಳ ಕಾಯದೆಯ ಮೇರೆಗೆ ಅಪರಾಧ. ಮೂರು ತಿಂಗಳಿಂದ ಏಳು ವರುಷದವರೆಗೆ ಸಜೆಯುಂಟು. ಕಾಯದೆಗೆ ಹಲ್ಲಿಲ್ಲವೆಂದಲ್ಲ, ಕಚ್ಚುವ ಜಾಗ ತಪ್ಪುತ್ತಿದೆ. ನೆರೆಮನೆಗೆ ಒಂದು ಸಿಲಿಂಡರು ಕೈಗಡ ಕೊಟ್ಟ ಹೆಣ್ಣುಮಗಳನ್ನು ಹೆದರಿಸುವುದು ಸುಲಭ. ಹತ್ತಾರು ಸಿಲಿಂಡರು ಒಟ್ಟಿಗೆ ಹೊರಬೀಳುವ ಗೋದಾಮಿನ ಲೆಕ್ಕ, ಡಿಪೋದಿಂದ ಹೊರಟ ಟ್ಯಾಂಕರಿನ ದಾರಿ ಇವುಗಳನ್ನು ತಪಾಸಿಸಬೇಕು. ಸೊಲ್ಲಾಪುರದ ಪಕ್ಕದ ಪಾಕಣಿಯಲ್ಲಿಯೇ ತೈಲ ಡಿಪೋಗಳಿವೆ. ಕಾವಲು ಬಿಗಿಯಾಗಿರಬೇಕಾದುದು ಇಂಥ ಕಡೆಯಿಂದ ಹೊರಡುವ ದಾರಿಯ ಮೇಲೆ.

“ನಮ್ಮ ಪಾಲಿನದು ಉಳಿದರೆ ನಾಲ್ಕು ಕಾಸಿಗೆ ಮಾರಿದರೇನು ತಪ್ಪು?” ಎಂದು ಕೆಲವರು ಕೇಳುವುದುಂಟು. ಹನಿ ಹನಿ ಕೂಡಿಯೇ ಹಳ್ಳ. ನಾವು ಮಾರಿದ ಒಂದೊಂದು ಸಿಲಿಂಡರೇ ದಲಾಲನ ಗಾಡಿ ತುಂಬುತ್ತದೆ. ನಾಳೆ “ಇವರಿಗೆ ರಿಯಾಯಿತಿ ಬೇಕಿಲ್ಲ” ಎನ್ನುವವರಿಗೆ ನಾವೇ ಸಾಕ್ಷಿ ಒದಗಿಸಿದಂತೆ.

ಆದುದರಿಂದ ಗ್ಯಾಸಿನ ಪುಸ್ತಕವನ್ನು ಯಾರ ಕೈಗೂ ಕೊಡಬೇಡಿರಿ. ಡೀಸೆಲ್ ಕೊಳ್ಳುವಾಗ ಸಂಶಯ ಬಂದರೆ ಸಾಂದ್ರತೆಯನ್ನು ಅಳೆದು ತೋರಿಸಲು ಕೇಳಿರಿ. ಪಂಪಿನವರು ಹೈಡ್ರೋಮೀಟರ್ ಇಟ್ಟಿರಲೇಬೇಕು. ಡಿಪೋದ ಚೀಟಿಯಲ್ಲಿದ್ದ ಸಾಂದ್ರತೆಗೂ ಅಳೆದದ್ದಕ್ಕೂ, 15 ಡಿಗ್ರಿ ಉಷ್ಣತೆಯ ಲೆಕ್ಕದಲ್ಲಿ, 3 ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ತಹಶೀಲದಾರರ ಕಚೇರಿಯ ಪುರವಠಾ ಶಾಖೆಗೆ ಅರ್ಜಿ ಕೊಡಿರಿ. ಮರಾಠಿಯಲ್ಲಿ ಬರೆಯುವುದು ತೊಡಕಾದರೆ ಊರ ಶಾಲೆಯ ಮಾಸ್ತರರ ನೆರವು ಪಡೆಯಿರಿ. ಒಬ್ಬರೇ ಹೋಗದೆ ಹತ್ತು ಜನ ಸಹಿ ಮಾಡಿ ಹೋಗಿರಿ; ಒಂಟಿಯಾದವನನ್ನು ಹೆದರಿಸಿದಷ್ಟು ಸುಲಭವಾಗಿ ಊರನ್ನು ಹೆದರಿಸಲಾಗದು.