ಹನಿಮೂನಿಗೆ ಹೆಂಡ್ತಿ ತವರಿಗೆ

“ಹನಿಮೂನ್‌ಗ ಯಾರರ ಹೆಂಡ್ತಿ ತವರಮನಿಗೆ ಹೋಗ್ತಾರೇನೋ? ಮಂದಿ ನಗ್ತಾರ!”

ತೇರದಾಳದ ಮನೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಪ್ಯಾಕ್ ಮಾಡ್ತಾ ಅವ್ವ ಹೇಳಿದ ಮಾತಿದು. ಅವ್ವನದೂ ತಪ್ಪಿಲ್ಲ. ನಮ್ಮ ಕಡೆ ತವರು ಅಂದ್ರೆ ಜಮಖಂಡಿ, ಮುಧೋಳ, ಬೀಳಗಿ. ಬಿಟ್ಟರೆ ಅಥಣಿ. ನನ್ನ ಹೆಂಡತಿಯ ತವರು ಅಂಡಮಾನ್.

ಬೆಂಗಳೂರಿನಲ್ಲಿ ಒಂದೇ ಟೀಮಿನಲ್ಲಿದ್ದವರು ನಾವು. ಮಾವ ತಮಿಳರು, ಅತ್ತೆ ಬಂಗಾಳಿ, ಮನೆಮಾತು ಹಿಂದಿ. ಅಂಡಮಾನಿನಲ್ಲಿ ಇದೇನೂ ವಿಶೇಷ ಅಲ್ಲವಂತೆ. ಬೇರೆ ಬೇರೆ ಕಡೆಯಿಂದ ಬಂದವರೇ ಸೇರಿ ಆದ ಊರು ಅದು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳನ್ನು 1949ರಿಂದ ಸರ್ಕಾರ ಹಡಗಿನಲ್ಲಿ ಕರೆದೊಯ್ದು ಅಲ್ಲಿ ನೆಲೆಗೊಳಿಸಿತು. ಅತ್ತೆಯ ಅಪ್ಪ ಹಾಗೆ ಬಂದವರು.

ಮದುವೆಯಾದ ತಿಂಗಳಿಗೆ ನಾನೊಂದು ಎಕ್ಸೆಲ್ ಶೀಟ್ ಮಾಡಿದೆ. ಒಟ್ಟು ಆರು ರಾತ್ರಿ. ಪೋರ್ಟ್ ಬ್ಲೇರ್ ಒಂದು, ಹ್ಯಾವ್‌ಲಾಕ್ ಮೂರು, ನೀಲ್ ಎರಡು. ಅವಳು ನೋಡಿ, “ಅಮ್ಮನ ಮನೆಗೆ ಒಂದೇ ರಾತ್ರಿನಾ?” ಅಂದಳು. “ಹನಿಮೂನ್ ಅಲ್ವಾ ಇದು?” ಅಂದೆ. ಎರಡು ದಿನ ಮಾತಿಲ್ಲ. ಮೂರನೇ ದಿನ ಶೀಟ್ ಬದಲಾಯಿತು. ಮನೆಗೆ ಮೂರು, ಹ್ಯಾವ್‌ಲಾಕ್‌ಗೆ ಮೂರು.

ಹೆಸರುಗಳ ಬಗ್ಗೆ ಒಂದು ಮಾತು. ಹ್ಯಾವ್‌ಲಾಕ್ 2018ರಲ್ಲಿ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ನನ್ನ ಹೆಂಡತಿ ಬಾಯಲ್ಲಿ ಇವತ್ತಿಗೂ ಬರೀ “ಬ್ಲೇರ್”.

ಡಿಸೆಂಬರಿನಲ್ಲಿ ಹೋದೆವು. ಮೊದಲು ಕಕ್ಕಾಬಿಕ್ಕಿ ಮಾಡಿದ್ದು ಸೂರ್ಯ. ಅಲ್ಲಿನ ಗಡಿಯಾರವೂ ನಮ್ಮದೇ, ಆದರೆ ರೇಖಾಂಶ ಬೇರೆ. ತೇರದಾಳಕ್ಕಿಂತ ಹದಿನೇಳು ಡಿಗ್ರಿಗೂ ಹೆಚ್ಚು ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಲೆಕ್ಕ ಹಾಕಿಕೊಳ್ಳಿ. ಬೆಳಗ್ಗೆ ಐದೂವರೆಗೆ ಬೆಳಕು, ಸಂಜೆ ಐದಕ್ಕೆ ಸೂರ್ಯಾಸ್ತ. ಬೆಂಗಳೂರಿನಲ್ಲಿ ಸ್ಟ್ಯಾಂಡಪ್ ಕಾಲ್ ಮುಗಿಸಿ ಎರಡನೇ ಚಹಾ ಕುಡಿಯೋ ಹೊತ್ತಿಗೆ ಇಲ್ಲಿ ಅರ್ಧ ದಿನ ಕಳೆದಿರುತ್ತೆ.

ಅವ್ವನ ಕಡಕ್ ರೊಟ್ಟಿಯನ್ನು ಅತ್ತೆ ಪಾಪಡ್ ಅಂದುಕೊಂಡು ಚಹಾ ಜೊತೆ ತಿಂದರು. ನಾನು ಸಸ್ಯಾಹಾರಿ ಅಂತ ಗೊತ್ತಾದ ಮೇಲೆ ಮೂರು ದಿನವೂ ಬದನೆಕಾಯಿ ಮಾಡಿ ಹಾಕಿದರು. ಮಾವ “ಮೇನ್‌ಲ್ಯಾಂಡ್‌ನಲ್ಲಿ ಮಳೆ ಹೆಂಗಿದೆ?” ಅಂತ ಕೇಳಿದರು. ಅವರಿಗೆ ಇಡೀ ಭಾರತ ಒಂದೇ ಊರು, ಅದರ ಹೆಸರು ಮೇನ್‌ಲ್ಯಾಂಡ್.

ಸೆಲ್ಯುಲಾರ್ ಜೈಲಿಗೂ ಹೋದೆವು. ಶಾಲೆಯಲ್ಲಿ ‘ಕರಿನೀರಿನ ಶಿಕ್ಷೆ’ ಅಂತ ಓದಿದ್ದೆವಲ್ಲ, ಅದೇ. 1906ರಲ್ಲಿ ಕಟ್ಟಿ ಮುಗಿಸಿದ ಈ ಜೈಲಿಗೆ ಏಳು ರೆಕ್ಕೆಗಳಿದ್ದವು, ಈಗ ಉಳಿದಿರೋದು ಮೂರು. ನಾನು ಗಂಭೀರವಾಗಿ ನೋಡ್ತಿದ್ದರೆ ಅವಳು, “ನಮಗಿದು ಬರೀ ಸ್ಕೂಲ್ ಟ್ರಿಪ್ ಜಾಗ” ಅಂದಳು. ರಾಧಾನಗರ ಬೀಚಿಗೂ ಅವಳು ಅದಕ್ಕೂ ಮೊದಲು ಹೋಗಿದ್ದು ಎರಡೇ ಸಲವಂತೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮ ಅಂದ ಬೀಚ್ ಅದು! ನಾನು ಆಶ್ಚರ್ಯಪಟ್ಟರೆ, “ನೀನು ಬಾದಾಮಿಗೆ ಎಷ್ಟು ಸಲ ಹೋಗಿದೀಯ?” ಅಂದಳು. ಎರಡು ಸಲ. ಎರಡೂ ಶಾಲೆಯವರು ಕರ್ಕೊಂಡು ಹೋಗಿದ್ದು.

ಇಷ್ಟೇ ಆಗಿದ್ದರೆ ಈ ಅಂಕಣ ಬರೀತಿರಲಿಲ್ಲ.

ಮೂರನೇ ದಿನ ವಂಡೂರ್ ಕಡೆ ಸ್ಕೂಟರಿನಲ್ಲಿ ಹೊರಟೆವು. ಸಿಪ್ಪಿಘಾಟ್ ಅನ್ನೋ ಜಾಗದಲ್ಲಿ ರಸ್ತೆ ಪಕ್ಕ ಹರಡಿಕೊಂಡ ನೀರು. ಮಧ್ಯೆ ಒಣಗಿ ನಿಂತ ಮರದ ಬೊಡ್ಡೆಗಳು, ಅವುಗಳ ಮೇಲೆ ಬೆಳ್ಳಕ್ಕಿ. ನಾನು ಗಾಡಿ ನಿಲ್ಲಿಸಿ, “ಎಂಥಾ ಸೀನರಿ!” ಅಂತ ಫೋಟೊ ತೆಗೆದು, ಸ್ಟೇಟಸ್‌ಗೂ ಹಾಕಿಬಿಟ್ಟೆ. ಅವಳು ಹೆಲ್ಮೆಟ್ ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ನೀರಿನ ಕಡೆ ಕೈ ತೋರಿಸಿ, “ಅದು ಅಜ್ಜನ ಗದ್ದೆ” ಅಂದಳು.

2004ರ ಡಿಸೆಂಬರ್ 26, ಭಾನುವಾರ. ಅವಳಿಗಾಗ ಒಂಬತ್ತು ವರ್ಷ. ಬೆಳಗ್ಗೆ ಆರೂವರೆ ಹೊತ್ತಿಗೆ ಭೂಮಿ ನಡುಗಿತು. ಅಜ್ಜ ಮೊಮ್ಮಕ್ಕಳನ್ನು ಎಳ್ಕೊಂಡು ಗುಡ್ಡ ಹತ್ತಿದರು. ನೀರು ಬಂತು. ಮನೆಯವರೆಲ್ಲ ಉಳಿದರು. ನಿಕೋಬಾರಿನಲ್ಲಿ ಸಾವಿರಾರು ಜನ ಹೋದರು ಅನ್ನೋ ಸುದ್ದಿ ಬರ್ತಿದ್ದಾಗ, ತಾವು ಬದುಕಿದ್ದೇ ದೊಡ್ಡದು ಅಂತ ಎಲ್ಲರೂ ಅಂದುಕೊಂಡರು. ಅಲೆ ಬಂದಿದೆ, ಹೋಗುತ್ತೆ, ಮತ್ತೆ ಬಿತ್ತಿದರಾಯ್ತು.

ನೀರು ಪೂರ್ತಿ ಹೋಗಲೇ ಇಲ್ಲ. ಆ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕರಾವಳಿ ಮೇಲೆದ್ದಿತ್ತು, ಪೋರ್ಟ್ ಬ್ಲೇರ್ ಸುತ್ತಲಿನ ನೆಲ ಸುಮಾರು ಒಂದು ಮೀಟರ್ ಕೆಳಗಿಳಿದಿತ್ತು. ಹಾಗಾಗಿ ಉಬ್ಬರ ಬಂದಾಗಲೆಲ್ಲ ಸಮುದ್ರ ಗದ್ದೆಗೆ ಬರತೊಡಗಿತು. ಭತ್ತ ಹೋಯಿತು, ಉಪ್ಪಿಗೆ ತೆಂಗು, ಅಡಿಕೆ ಒಣಗಿದವು. ಅಜ್ಜ ಮಾತ್ರ ವರ್ಷಗಟ್ಟಲೆ ದಿನಾ ಸಂಜೆ ಬಂದು ನೀರು ಎಷ್ಟಿದೆ ಅಂತ ನೋಡಿ ಹೋಗ್ತಿದ್ದರಂತೆ.

ನಾನು ಫೋನ್ ತೆಗೆದು ಸ್ಟೇಟಸ್ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಮೂವತ್ತು ಜನ ನೋಡಿಯಾಗಿತ್ತು. ಒಬ್ಬ “ಪ್ಯಾರಡೈಸ್” ಅಂತ ರಿಪ್ಲೈ ಮಾಡಿದ್ದ.

ಬಾಗಲಕೋಟೆ ಜಿಲ್ಲೆಯವನಾಗಿ ನನಗಿದು ಮೊದಲೇ ಹೊಳೀಬೇಕಿತ್ತು. ‘ಮುಳುಗಡೆ’ ಅನ್ನೋ ಪದ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅವ್ವನ ತವರು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣಾ ದಂಡೆಯ ಹಳ್ಳಿ. ಆಲಮಟ್ಟಿ ಹಿನ್ನೀರು ಬಂದಾಗ ನಾನು ಒಂದನೇ ಕ್ಲಾಸು. ಮಾವಂದಿರು ಬಾಗಿಲು, ಚೌಕಟ್ಟು, ತೊಲೆ ಕಿತ್ತುಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದರು. ನನಗೆ ನೆನಪಿರೋದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಅಡ್ಡ ಮಲಗಿಸಿದ್ದ ಬಾಗಿಲು ಮಾತ್ರ. ಅವ್ವ ಈಗಲೂ ತವರು ಅಂದ್ರೆ ಆ ಹೊಸ ಊರು ಅನ್ನೋದಿಲ್ಲ.

ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ನಮ್ಮ ನೀರಿಗೆ ನೋಟಿಸ್ ಇತ್ತು, ಅಳತೆ ಇತ್ತು, ಎಷ್ಟೇ ಜಗಳ ಇದ್ದರೂ ಪರಿಹಾರ ಅಂತ ಒಂದಿತ್ತು. ಆ ನೀರಿನಿಂದ ಬೇರೆಯವರ ಹೊಲ ಹಸಿರಾಯಿತು. ಈಗ 519.6 ಮೀಟರಿನಿಂದ 524.256 ಮೀಟರಿಗೆ ಏರಿಸೋ ಮಾತಿದೆ. ಹಾಗಾದರೆ ಇನ್ನಷ್ಟು ಊರುಗಳು ಹೋಗ್ತವೆ. ಅವಳಜ್ಜನ ಗದ್ದೆಗೆ ನೋಟಿಸ್ ಕೊಟ್ಟವರಿಲ್ಲ, ಅಲ್ಲಿ ಗೇಟೂ ಇಲ್ಲ.

ಹ್ಯಾವ್‌ಲಾಕ್ ಚೆನ್ನಾಗಿತ್ತು. ನೀವೂ ಹೋಗೋರಿದ್ದರೆ ಎರಡು ಮಾತು. ಬೆಳಗ್ಗೆ ಬೇಗ ಏಳಿ, ಹತ್ತಕ್ಕೆ ಎದ್ದರೆ ದಿನವೇ ಸಿಗಲ್ಲ. ಹವಳ, ಶಂಖ ಅಂತ ದಂಡೆಯಲ್ಲಿ ಸಿಕ್ಕಿದ್ದನ್ನೆಲ್ಲ ಬ್ಯಾಗಿಗೆ ಹಾಕಬೇಡಿ, ಏರ್‌ಪೋರ್ಟಿನಲ್ಲಿ ತೆಗೆಸ್ತಾರೆ. ನೆಟ್‌ವರ್ಕ್ ಭಯ ಮೊದಲಿನಷ್ಟಿಲ್ಲ. ಚೆನ್ನೈಯಿಂದ ಸಮುದ್ರದೊಳಗೆ ಸುಮಾರು 2,300 ಕಿ.ಮೀ. ಕೇಬಲ್ 2020ರಲ್ಲಿ ಬಂದಿದೆ. ವರ್ಷಕ್ಕೆ ಒಂದು ತಿಂಗಳು ಇಲ್ಲಿಂದಲೇ ಕೆಲಸ ಮಾಡ್ತೀನಿ ಅಂತ ಅವಳು ಮ್ಯಾನೇಜರಿಗೆ ಮೇಲ್ ಹಾಕಿದ್ದಾಳೆ. ಈ ಸಲ ಶೀಟ್ ಅವಳದ್ದು.

ಊರಿಗೆ ಬಂದ ಮೇಲೆ ಅವ್ವ ಫೋಟೊ ತೋರಿಸು ಅಂದಳು. ಬೀಚಿನ ಫೋಟೊಗಳನ್ನು ಬೇಗಬೇಗ ಸರಿಸಿದಳು. ಸಿಪ್ಪಿಘಾಟ್ ಬಂದಾಗ ಬೆರಳು ನಿಂತಿತು.

“ಇದೇನವಾ, ಹಿನ್ನೀರೇನು?”

ಹೆಂಡತಿ ತನ್ನ ಬೆಂಗಳೂರು ಕನ್ನಡದಲ್ಲಿ ತಡವರಿಸುತ್ತಾ ಹೇಳಿದಳು. ಅಜ್ಜ, ಗದ್ದೆ, ನೀರು ವಾಪಸ್ ಹೋಗಲಿಲ್ಲ. ಅವ್ವ ಕೇಳಿಸಿಕೊಂಡು, “ನಮ್ಮೂರಾಗ ಬ್ಯಾಸಿಗ್ಯಾಗ ನೀರು ಇಳಿತೈತಿ. ಗುಡಿ ಕಟ್ಟಿ ಕಾಣ್ತೈತಿ. ನಿಮ್ಮಲ್ಲಿ ಅದೂ ಇಲ್ಲೇನ?” ಅಂದಳು.

“ಇಲ್ಲ” ಅಂದಳು ಇವಳು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇದಾಗ ರಜಾ ಹಾಕಿ ಬಾ. ನನ್ನ ತವರ ತೋರಸ್ತೇನಿ” ಅಂದಳು.

ಇವಳು ಬಸ್ ಬುಕ್ ಮಾಡಿದ್ದಾಳೆ. ಎರಡು ಸೀಟು. ನನ್ನನ್ನು ಕರೆದಿಲ್ಲ.