ದೂರಾನ್ವಯ

ಕಳೆದ ತಿಂಗಳು ನಾವು ನೆರೆಮನೆಯ ನಾಮಕರಣಕ್ಕೆ ಹೋಗಿದ್ದೆವು. ಹೆಣ್ಣುಕೂಸಿನ ಬಲಗೈಯಲ್ಲಿ ಹೆಬ್ಬೆರಳು ಎರಡಿದ್ದುವು. "ಗ್ರಹಣದ ದಿನ ಬೇಡವೆಂದರೂ ಕೇಳದೆ ತರಕಾರಿ ಹೆಚ್ಚಿದಳು" ಎಂದು ಅತ್ತೆಯವರು ಎಲ್ಲರೆದುರಿಗೂ ಸೊಸೆಯನ್ನು ಆಕ್ಷೇಪಿಸಿದರು. ಬಾಣಂತಿಯು ತಲೆ ತಗ್ಗಿಸಿ ಕುಳಿತಿದ್ದಳು. ಅಂದು ನಾವು ಆಡದೆ ಬಂದ ಮಾತನ್ನು ಇಂದು ವಾಚಕರಲ್ಲಿ ಅರಿಕೆ ಮಾಡುತ್ತೇವೆ.

ನಮ್ಮ ಒಂದೊಂದು ಜೀವಕೋಶದಲ್ಲಿಯೂ ಒಟ್ಟು ಸುಮಾರು 2 ಮೀಟರು ಉದ್ದದ ಡಿಎನ್‌ಎ ತಂತುವು ಮಡಿಚಿಕೊಂಡಿರುವುದು. ಗರ್ಭಸ್ಥ ಶಿಶುವಿನ ಬೆರಳುಗಳ ಸಂಖ್ಯೆಯನ್ನೂ ಕ್ರಮವನ್ನೂ ನಿಯಮಿಸುವುದರಲ್ಲಿ ಸಾನಿಕ್ ಹೆಡ್ಜ್‌ಹಾಗ್ ಎಂಬ ವಂಶವಾಹಿಯು ಮುಖ್ಯವಾದುದು. ಆದರೆ ಕೈಕಾಲುಗಳಲ್ಲಿ ಅದಕ್ಕೆ ಆಜ್ಞೆ ಕೊಡುವ ತುಣುಕು ಅದರ ಪಕ್ಕದಲ್ಲಿಲ್ಲ; ಸುಮಾರು 10 ಲಕ್ಷ ಅಕ್ಷರಗಳಾಚೆ, ಮತ್ತೊಂದು ವಂಶವಾಹಿಯ ಒಡಲಿನಲ್ಲಿದೆ!

ಇಷ್ಟು ದೂರದ ಆಜ್ಞೆ ಮುಟ್ಟುವುದೆಂತು? ಶ್ಲೋಕದ ಮೊದಲ ಪಾದದಲ್ಲಿ ಕರ್ತೃಪದವೂ ಕಡೆಯ ಪಾದದಲ್ಲಿ ಕ್ರಿಯಾಪದವೂ ಬಂದರೆ ನಮ್ಮ ವಿದ್ಯಾರ್ಥಿಗಳು ದಿಕ್ಕುಗೆಡುತ್ತಿದ್ದರು. ಅದು ದೂರಾನ್ವಯ. ಅನ್ವಯಿಸಿ ಓದಿದೊಡನೆ ಎರಡು ಪದಗಳೂ ಹತ್ತಿರ ಬರುವುವು. ಜೀವಕೋಶವೂ ಹಾಗೆಯೇ ತಂತುವನ್ನು ಕುಣಿಕೆಯಂತೆ ಬಾಗಿಸಿ, ದೂರದ ತುಣುಕನ್ನು ವಂಶವಾಹಿಯ ಸಮೀಪಕ್ಕೆ ತರುವುದು.

ಹೆಬ್ಬೆರಳ ಕಡೆಯಲ್ಲಿ ಹೆಚ್ಚು ಬೆರಳುಳ್ಳ ಕೆಲವು ಕುಟುಂಬಗಳಲ್ಲಿ, ಆ ದೂರದ ತುಣುಕಿನ ಒಂದೇ ಒಂದು ಅಕ್ಷರವು ಬದಲಾಗಿರುವುದನ್ನು ಎಡಿನ್‌ಬರೋದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ಕಿರುಬೆರಳ ಕಡೆ ಮಾತ್ರ ಸಲ್ಲಬೇಕಾದ ಆಜ್ಞೆಯು ಹೆಬ್ಬೆರಳ ಕಡೆಯೂ ಸಲ್ಲಿದರೆ ಅಲ್ಲಿ ಹೆಚ್ಚಿನ ಬೆರಳು ಮೂಡುವುದು. 2005ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳಲ್ಲಿ ಆ ತುಣುಕನ್ನೇ ತೆಗೆದರು. ವಂಶವಾಹಿಯು ಅಕ್ಷತವಾಗಿದ್ದರೂ ಮರಿಗಳ ಕೈಕಾಲುಗಳು ಮೊಟಕಾದುವು.

ಇಂಥ ಅಕ್ಷರಭೇದವು ತಾಯಿಯಿಂದ ಬರುವಂತೆಯೇ ತಂದೆಯಿಂದಲೂ ಬರಬಹುದು. ಅದು ಗರ್ಭವು ಬೆಳೆಯುವುದಕ್ಕೆ ಮೊದಲೇ ಬೀಜದಲ್ಲಿ ಬರೆದಿರುವ ಬರಹ. ಈಳಿಗೆಮಣೆಗೂ ಅದಕ್ಕೂ ಅನ್ವಯವಿಲ್ಲ. ಹೆಚ್ಚಿನ ಬೆರಳಿಗೆ ಬೇರೆ ಕಾರಣಗಳೂ ಉಂಟು. ಕೂಸನ್ನು ವೈದ್ಯರಿಗೆ ತೋರಿಸುವುದು ಯುಕ್ತ. ಬೇಕಾದಲ್ಲಿ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು.

ಅಂದು ಊಟದ ಪಂಕ್ತಿಯಲ್ಲಿ ಆ ಮನೆಯ ಯಜಮಾನರು, "ನಮ್ಮ ತಂದೆಯವರಿಗೂ ಹೀಗೆಯೇ ಎರಡು ಹೆಬ್ಬೆರಳಿದ್ದುವು, ಊರವರು ಅದೃಷ್ಟದ ಕೈಯೆನ್ನುತ್ತಿದ್ದರು" ಎಂದು ನಮ್ಮ ಕಿವಿಯಲ್ಲಿ ಹೇಳಿದರು. ಮುತ್ತಜ್ಜನಲ್ಲಿ ಅದೃಷ್ಟವಾಗಿದ್ದುದು ಮರಿಮಗಳಲ್ಲಿ ಸೊಸೆಯ ಅಪರಾಧವಾಗುವುದುಂಟೆ? ಆ ಮಾತನ್ನು ಅವರು ಬಾಣಂತಿಗೆ ಕೇಳುವಂತೆ ಹೇಳಬೇಕಾಗಿತ್ತು. ಕೇಳಿಸಿಕೊಂಡ ನಾವೂ ಸುಮ್ಮನಿರಬಾರದಾಗಿತ್ತು.